ಕೋಲಿನ ನೆರಳಿನಿಂದ ಗುರುವಿನ ಚಂದ್ರರವರೆಗೆ: ಹೈಸ್ಕೂಲಿನಲ್ಲಿ ಖಗೋಳ ಕಲಿಯುವ ಸಮಗ್ರ ಮಾರ್ಗದರ್ಶಿ

ಜೂನ್ ತಿಂಗಳ ಮೊದಲ ವಾರ. ಶಾಲೆ ಆಗ ತಾನೇ ಶುರುವಾಗಿತ್ತು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಈ ಸಲ ರೋಹಿಣಿ ಮಳಿ ಚಲೋ ಆತು ಅಂತಾನ್ರಿ ನಮ್ಮಜ್ಜ. ರೋಹಿಣಿ ಅಂದ್ರ ಚಿಕ್ಕಿ ಅಲ್ರಿ? ಈಗ ಎಲ್ಲಿ ಐತಿ, ರಾತ್ರಿ ತೋರಸ್ರಿ."

ತೋರಿಸಲು ಆಗುವುದಿಲ್ಲ. ರೋಹಿಣಿ ಮಳೆಯ ಆ ಎರಡು ವಾರ ರೋಹಿಣಿ ನಕ್ಷತ್ರ ರಾತ್ರಿ ಕಾಣುವುದೇ ಇಲ್ಲ. ಅದು ಸೂರ್ಯನ ಜೊತೆಗೇ ಹುಟ್ಟಿ, ಸೂರ್ಯನ ಜೊತೆಗೇ ಮುಳುಗುತ್ತದೆ. ಇದನ್ನು ಹೇಳಿದಾಗ ಇಡೀ ಕ್ಲಾಸು ಸುಮ್ಮನಾಯಿತು. ಆಮೇಲೆ ಪ್ರಶ್ನೆಗಳ ಸುರಿಮಳೆ. ಹಾಗಾದರೆ ಯಾವಾಗ ಕಾಣುತ್ತದೆ? ಕಾಣದ ನಕ್ಷತ್ರದ ಹೆಸರು ಮಳೆಗೆ ಯಾಕೆ ಬಂತು? ಅಜ್ಜನಿಗೆ ಅದು ಹೇಗೆ ಗೊತ್ತು?

ನಾನು ಕೊಪ್ಪಳ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯಲ್ಲಿ ದೂರದರ್ಶಕ ಇಲ್ಲ. ಮೊದಮೊದಲು ನಾನೂ ಎಲ್ಲರಂತೆ ಗ್ರಹಗಳ ಹೆಸರು, ಅವುಗಳ ವ್ಯಾಸ, ಉಪಗ್ರಹಗಳ ಸಂಖ್ಯೆ ಬರೆಸಿ ಪಾಠ ಮುಗಿಸುತ್ತಿದ್ದೆ. ಪರೀಕ್ಷೆ ಆದ ಮರುದಿನ ಮಕ್ಕಳಿಗೆ ಒಂದೂ ನೆನಪಿರುತ್ತಿರಲಿಲ್ಲ. ಆ ಹುಡುಗಿಯ ಪ್ರಶ್ನೆ ಬಂದ ಮೇಲೆ ಕ್ರಮವನ್ನೇ ತಿರುವಿ ಹಾಕಿದೆ. ಮೊದಲು ಆಕಾಶ, ಆಮೇಲೆ ಪುಸ್ತಕ. ಜೂನ್‌ನಿಂದ ಮಾರ್ಚ್‌ವರೆಗೆ ಏನೇನು, ಯಾವಾಗ ಮಾಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ. ಶಿಕ್ಷಕರಿಗೆ ಉಪಯೋಗವಾಗುತ್ತದೆ. ಕಲಿಸುವವರು ಸಿಗದ ಮಕ್ಕಳು ತಾವೇ ಗೆಳೆಯರನ್ನು ಸೇರಿಸಿಕೊಂಡೂ ಮಾಡಬಹುದು.

ಮೊದಲು ಒಂದು ನೋಟ್‌ಬುಕ್

ಇನ್ನೂರು ಪುಟದ ಒಂದು ನೋಟ್‌ಬುಕ್ ಸಾಕು. ಪ್ರತಿ ಸಲ ನೋಡಿದಾಗಲೂ ತಾರೀಕು, ಗಂಟೆ, ದಿಕ್ಕು, ಎತ್ತರ ಬರೆಯಬೇಕು, ಪಕ್ಕದಲ್ಲಿ ಒಂದು ಚಿತ್ರ ಬಿಡಿಸಬೇಕು. ಚಿತ್ರ ಚೆನ್ನಾಗಿರಬೇಕು ಅಂತೇನಿಲ್ಲ. "ಬೇವಿನ ಮರದ ಬಲಕ್ಕೆ, ನೀರಿನ ಟ್ಯಾಂಕಿಗಿಂತ ಸ್ವಲ್ಪ ಮೇಲೆ" ಅಂತ ಬರೆದರೂ ಅದು ಒಳ್ಳೆಯ ದಾಖಲೆಯೇ.

ಎತ್ತರ ಅಳೆಯಲು ಕೈಯೇ ಸಾಕು. ತೋಳನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಡುವಿನ ಮೂರು ಬೆರಳು ಸೇರಿಸಿದರೆ 5 ಡಿಗ್ರಿ. ಕಿರುಬೆರಳು 1 ಡಿಗ್ರಿ. ಮಕ್ಕಳ ಕೈ ಚಿಕ್ಕದು, ಆದರೆ ತೋಳೂ ಚಿಕ್ಕದೇ ಅಲ್ವಾ? ಹಾಗಾಗಿ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಮೊದಲ ದಿನವೇ ಒಂದು ಪಂದ್ಯ ಇಡಿ. ಹುಣ್ಣಿಮೆ ಚಂದ್ರ ಎಷ್ಟು ಬೆರಳು ಅಗಲ? ಮೂರು, ನಾಲ್ಕು ಅಂತ ಕೂಗುತ್ತಾರೆ. ನಿಜವಾಗಿ ಅದು ಅರ್ಧ ಡಿಗ್ರಿ. ಕಿರುಬೆರಳ ಹಿಂದೆ ಪೂರ್ತಿ ಮುಚ್ಚಿಹೋಗುತ್ತದೆ.

ಜೂನ್: ಅಂಗಳದಲ್ಲಿ ಒಂದು ಕೋಲು

ಮಳೆಗಾಲದಲ್ಲಿ ರಾತ್ರಿ ಆಕಾಶ ನೆಚ್ಚಿಕೊಳ್ಳಲು ಆಗುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ಜೂನ್‌ನಲ್ಲೂ ಬಿಸಿಲಿಗೆ ಬರ ಇಲ್ಲ. ಅದಕ್ಕೇ ಹಗಲಿನಿಂದ ಶುರು ಮಾಡಿ.

ನೆಲದ ಮೇಲೆ ಸರಿಯಾಗಿ 1 ಮೀಟರ್ ಎತ್ತರ ಉಳಿಯುವಂತೆ ನೆಟ್ಟಗಿನ ಕೋಲೊಂದನ್ನು ನೆಡಿ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು, ಕೋಲು ವಾಲಿಲ್ಲ ಅಂತ ಎರಡು ಬದಿಯಿಂದ ಖಾತ್ರಿ ಮಾಡಿಕೊಳ್ಳಿ. ನೆಲ ಸಮ ಇರಬೇಕು. ಇವೆರಡರಲ್ಲಿ ಉದಾಸೀನ ಮಾಡಿದರೆ ವರ್ಷವಿಡೀ ಲೆಕ್ಕ ತಪ್ಪುತ್ತದೆ. ಬೆಳಿಗ್ಗೆ 11:45ರಿಂದ ಮಧ್ಯಾಹ್ನ 1 ಗಂಟೆವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದೊಂದು ಮೊಳೆ ಹೊಡೆಯಿರಿ. ಅತಿ ಗಿಡ್ಡ ನೆರಳು ಬಿದ್ದ ಗೆರೆಯೇ ನಿಮ್ಮ ಉತ್ತರ-ದಕ್ಷಿಣ.

ಇಲ್ಲಿ ಎರಡು ಅಚ್ಚರಿ ಕಾದಿವೆ. ಮೊದಲನೆಯದು, ಅತಿ ಗಿಡ್ಡ ನೆರಳು ಬೀಳುವುದು 12 ಗಂಟೆಗಲ್ಲ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯದಂತೆ. ಕೊಪ್ಪಳ ಇರುವುದು 76 ಡಿಗ್ರಿ ದಾಟಿ ಸ್ವಲ್ಪ ಆಚೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ನಮ್ಮ ನಡುಹಗಲು ಸರಾಸರಿ 25 ನಿಮಿಷ ತಡ. ರಾಯಚೂರಿನವರಿಗೆ 21 ನಿಮಿಷ, ಬಳ್ಳಾರಿಯವರಿಗೆ 22. ಭೂಮಿಯ ದಾರಿ ಪೂರ್ತಿ ದುಂಡಗಿಲ್ಲ, ಅದರ ಅಕ್ಷವೂ ವಾಲಿದೆ. ಅದರಿಂದಾಗಿ ಕೊಪ್ಪಳದ ನಡುಹಗಲು ನವೆಂಬರ್ ಮೊದಲ ವಾರ 12:09ಕ್ಕೇ ಬಂದರೆ, ಫೆಬ್ರವರಿ ಎರಡನೇ ವಾರ 12:39ರವರೆಗೆ ಜಾರುತ್ತದೆ.

ಎರಡನೇ ಅಚ್ಚರಿ ಮಕ್ಕಳಿಗೆ ಇನ್ನೂ ಜಾಸ್ತಿ ಹಿಡಿಸುತ್ತದೆ. ಜೂನ್‌ನಲ್ಲಿ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ! ಅಂದರೆ ಸೂರ್ಯ ನಮ್ಮ ನೆತ್ತಿ ದಾಟಿ ಉತ್ತರಕ್ಕೆ ಹೋಗಿದ್ದಾನೆ. ಜೂನ್ 21ರಂದು 1 ಮೀಟರ್ ಕೋಲಿಗೆ ದಕ್ಷಿಣದ ಕಡೆ 14 ಸೆಂಟಿಮೀಟರ್ ನೆರಳು. ಸೆಪ್ಟೆಂಬರ್ 23ರ ಸುಮಾರಿಗೆ ಉತ್ತರದ ಕಡೆ 27. ಡಿಸೆಂಬರ್ 21ರ ಸುಮಾರಿಗೆ 80. ವಾರಕ್ಕೊಮ್ಮೆ ಅಳೆದು ಗ್ರಾಫ್ ಹಾಳೆಯಲ್ಲಿ ಗುರುತಿಸುತ್ತಾ ಹೋಗಿ.

ಬೇಸಿಗೆ, ಚಳಿಗಾಲ ಯಾಕೆ ಬರುತ್ತವೆ ಅಂತ ಕೇಳಿದರೆ ಹತ್ತರಲ್ಲಿ ಎಂಟು ಮಕ್ಕಳು "ಸೂರ್ಯ ಹತ್ತಿರ ಬರ್ತಾನ, ದೂರ ಹೋಗ್ತಾನ" ಅನ್ನುತ್ತಾರೆ. ಆ ಉತ್ತರ ತಪ್ಪು ಅಂತ ತಕ್ಷಣ ಹೇಳಬೇಡಿ. ಡಿಸೆಂಬರ್‌ವರೆಗೆ ಕಾಯಿರಿ. 80 ಸೆಂಟಿಮೀಟರ್ ನೆರಳನ್ನು ಕಣ್ಣಾರೆ ಕಂಡು, ಬಿಸಿಲು ಓರೆಯಾಗಿ ಬೀಳುತ್ತಿದೆ ಅಂತ ಅವರಿಗೇ ಹೊಳೆಯಲಿ. ಆಮೇಲೆ ಹೇಳಿ: ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರ, ಸುಮಾರು 14.7 ಕೋಟಿ ಕಿಲೋಮೀಟರ್. ಜುಲೈ ಮೊದಲ ವಾರ ಅತಿ ದೂರ, 15.2 ಕೋಟಿ. ಚಳಿಗಾಲದಲ್ಲೇ ನಾವು ಹತ್ತಿರ!

ಈ ಗ್ರಾಫ್‌ನಿಂದ ಸಂಕ್ರಾಂತಿಯ ಪ್ರಶ್ನೆಯೂ ಏಳುತ್ತದೆ. ನೆರಳು ಹಿಂದಕ್ಕೆ ತಿರುಗುವುದು ಡಿಸೆಂಬರ್ 21-22ಕ್ಕೆ. ಉತ್ತರಾಯಣ ಅಂತ ಎಳ್ಳು ಬೆಲ್ಲ ಹಂಚುವುದು ಜನವರಿ 14-15ಕ್ಕೆ. ನೆರಳು ತಿರುಗುವುದು ಭೂಮಿಯ ಅಕ್ಷದ ವಾಲಿಕೆಯಿಂದ, ಸಂಕ್ರಾಂತಿಯ ಲೆಕ್ಕ ಮಾತ್ರ ಸೂರ್ಯನ ಹಿಂದಿರುವ ನಕ್ಷತ್ರಗಳಿಂದ. ಭೂಮಿಯ ಅಕ್ಷ ತಿರುಗುವ ಬುಗುರಿಯ ಹಾಗೆ ಸುಮಾರು 26,000 ವರ್ಷಕ್ಕೊಂದು ಸುತ್ತು ಹಾಕುತ್ತದೆ. ಅದರಿಂದ ಸುಮಾರು 71 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತದೆ. ಸುಮಾರು 1,700 ವರ್ಷದ ಹಿಂದೆ ಎರಡೂ ಒಟ್ಟಿಗೇ ಬರುತ್ತಿದ್ದವು.

ಮಳೆ ನಕ್ಷತ್ರ: ಅಜ್ಜನ ಹತ್ತಿರ ಒಂದು ಪಾಠ

ಮಕ್ಕಳಿಗೆ ಮನೆಗೆಲಸ ಕೊಡಿ. ಮನೆಯ ಹಿರಿಯರ ಹತ್ತಿರ ಕೂತು ಮಳೆ ನಕ್ಷತ್ರಗಳ ಹೆಸರು, ಅವು ಕೂಡುವ ತಾರೀಕು, ಗಾದೆಗಳು, ಯಾವ ಮಳೆಗೆ ಯಾವ ಬಿತ್ತನೆ ಅನ್ನುವುದನ್ನೆಲ್ಲ ಬರೆದುಕೊಂಡು ಬರಲಿ. ನಮ್ಮ ಮಕ್ಕಳು ತಂದ ಪಟ್ಟಿಯಲ್ಲಿ ಭರಣಿ, ಕೃತ್ತಿಕೆ, ರೋಹಿಣಿ, ಮಿರಗ, ಆರಿದ್ರ, ಮಗಿ, ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಲ್ಲ ಇದ್ದವು. "ರೋಹಿಣಿ ಮಳೆಗೆ ಓಣಿ ತುಂಬ ಜೋಳ" ಅನ್ನುವ ಗಾದೆಯನ್ನು ಏಳು ಜನ ತಂದಿದ್ದರು. ಮಿರಗ ಅಂದರೆ ಮೃಗಶಿರ ಅಂತ ಹೊಳೆದಾಗ ಅವರ ಮುಖ ನೋಡಬೇಕಿತ್ತು.

ಈಗ ಲೆಕ್ಕ. 365 ದಿನವನ್ನು 27 ನಕ್ಷತ್ರಗಳಿಗೆ ಹಂಚಿ. ಒಂದೊಂದಕ್ಕೆ ಹದಿಮೂರೂವರೆ ದಿನ. ಪಂಚಾಂಗದಲ್ಲಿ ಪ್ರತಿ ಮಳೆಗೂ ಹದಿಮೂರು ಹದಿನಾಲ್ಕು ದಿನ ಇರುವುದು ಇದರಿಂದಲೇ. ಭೂಮಿ ಸೂರ್ಯನನ್ನು ಸುತ್ತುವಾಗ, ನಮಗೆ ಸೂರ್ಯನ ಬೆನ್ನ ಹಿಂದಿರುವ ನಕ್ಷತ್ರಗಳು ಬದಲಾಗುತ್ತಾ ಹೋಗುತ್ತವೆ. ಸೂರ್ಯನ ಹಿಂದೆ ರೋಹಿಣಿ ಇದ್ದಾಗ ಬರುವ ಮಳೆ ರೋಹಿಣಿ ಮಳೆ. ಅಂದರೆ ಮೇ 25ರ ಸುಮಾರಿನಿಂದ ಜೂನ್ 7-8ರವರೆಗೆ.

ಇದನ್ನು ಮೈದಾನದಲ್ಲಿ ಆಡಿಸಿ ತೋರಿಸಿ. ಒಬ್ಬ ಹುಡುಗ ನಡುವೆ ಸೂರ್ಯನಾಗಿ ನಿಲ್ಲಲಿ. 27 ಮಕ್ಕಳು ದೊಡ್ಡ ವೃತ್ತವಾಗಿ ನಕ್ಷತ್ರಗಳಾಗಲಿ, ಕೊರಳಲ್ಲಿ ಹೆಸರಿನ ಚೀಟಿ ಇರಲಿ. ಕಡಿಮೆ ಮಕ್ಕಳಿದ್ದರೆ ಕಲ್ಲಿನ ಮೇಲೆ ಹೆಸರು ಬರೆದಿಡಿ. ಒಬ್ಬಳು ಭೂಮಿಯಾಗಿ ಸೂರ್ಯನ ಸುತ್ತ ನಡೆಯಲಿ. ಸೂರ್ಯನ ಕಡೆ ಮುಖ ಮಾಡಿದರೆ ಅವಳಿಗೆ ಹಗಲು, ಬೆನ್ನು ಮಾಡಿದರೆ ರಾತ್ರಿ. ಸೂರ್ಯನ ಆಚೆ ಯಾರ ಚೀಟಿ ಕಾಣುತ್ತದೋ ಅದೇ ಈಗಿನ ಮಳೆ. ಬೆನ್ನು ತಿರುಗಿಸಿದಾಗ ಎದುರಿಗೆ ಬರುವುದು ನಡುರಾತ್ರಿ ಕಾಣುವ ನಕ್ಷತ್ರ. ಅರ್ಧ ಸುತ್ತು ನಡೆದ ಮೇಲೆ ರೋಹಿಣಿ ಎದುರಿಗೆ ಬರುತ್ತದೆ, ಡಿಸೆಂಬರ್‌ಗೆ ಇಡೀ ರಾತ್ರಿ. ಇಪ್ಪತ್ತು ನಿಮಿಷದ ಈ ಆಟವನ್ನು ದಯವಿಟ್ಟು ಬಿಡಬೇಡಿ. ನನ್ನ ಅನುಭವದಲ್ಲಿ ಇಡೀ ವರ್ಷದ ಪಾಠಗಳಲ್ಲಿ ಮಕ್ಕಳ ಮನಸ್ಸಿನಲ್ಲಿ ಆಳವಾಗಿ ಇಳಿಯುವುದು ಇದೇ.

ನಕ್ಷತ್ರ ಮಳೆ ತರುತ್ತದೆಯೇ ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ತರುವುದಿಲ್ಲ. ಮಳೆ ತರುವುದು ಮುಂಗಾರು ಗಾಳಿ. ನಕ್ಷತ್ರದ ಹೆಸರು ರೈತರ ಕ್ಯಾಲೆಂಡರ್. ಗೋಡೆ ಮೇಲೆ ತೂಗುಹಾಕುವ ಕ್ಯಾಲೆಂಡರ್ ಬರುವ ಮೊದಲು ಬಿತ್ತನೆಯ ತಾರೀಕನ್ನು ಜನ ಆಕಾಶದಲ್ಲೇ ಓದಿದ್ದಾರೆ. ಇದನ್ನು ಮಕ್ಕಳಿಗೆ ಗೌರವದಿಂದ ಹೇಳಿ. ಅಜ್ಜನ ಮಾತು ಸುಳ್ಳು ಅಂತ ಅವರು ಮನೆಗೆ ಹೋಗಿ ಹೇಳುವಂತಾಗಬಾರದು.

ಒಂದು ತಿಂಗಳು ಚಂದ್ರನ ಬೆನ್ನು ಹತ್ತಿ

ಅಕ್ಟೋಬರ್‌ನಲ್ಲಿ ದಸರಾ ರಜೆ ಮುಗಿದ ಮೇಲೆ ಆಕಾಶ ತಿಳಿಯಾಗುತ್ತದೆ. ಅಮಾವಾಸ್ಯೆ ಕಳೆದು ಬಿದಿಗೆಯ ಸಂಜೆ ಪಡುವಣದಲ್ಲಿ ತೆಳ್ಳಗಿನ ಚಂದ್ರ ಕಾಣುತ್ತಾನೆ. ಅಲ್ಲಿಂದ ಹುಣ್ಣಿಮೆವರೆಗೆ ದಿನಾ ಸಂಜೆ 7 ಗಂಟೆಗೆ ಒಂದೇ ಜಾಗದಲ್ಲಿ ನಿಂತು ಚಿತ್ರ ಬಿಡಿಸಲಿ. ಆಕಾರ ಮಾತ್ರ ಅಲ್ಲ, ಜಾಗವನ್ನೂ ಗುರುತಿಸಬೇಕು. ಚಂದ್ರ ದಿನಕ್ಕೆ ಸುಮಾರು 13 ಡಿಗ್ರಿ, ಅಂದರೆ ಒಂದು ಮುಷ್ಟಿಗಿಂತ ಸ್ವಲ್ಪ ಜಾಸ್ತಿ, ಮೂಡಣಕ್ಕೆ ಸರಿಯುತ್ತಾನೆ. 27.3 ದಿನಕ್ಕೆ ಒಂದು ಸುತ್ತು. ದಿನಕ್ಕೊಂದು ನಕ್ಷತ್ರದ ಲೆಕ್ಕ ಬಂದದ್ದೇ ಇಲ್ಲಿಂದ. ತಿಂಗಳ ಹೆಸರುಗಳೂ ಇಲ್ಲೇ ಇವೆ. ಗೌರಿ ಹುಣ್ಣಿಮೆಯ ಚಂದ್ರನ ಆಸುಪಾಸಿನಲ್ಲಿ ಕೃತ್ತಿಕೆ ಇರುತ್ತದೆ, ಅದು ಕಾರ್ತಿಕ. ಹೊಸ್ತಿಲ ಹುಣ್ಣಿಮೆಗೆ ಮೃಗಶಿರ, ಅದು ಮಾರ್ಗಶಿರ.

ಹುಣ್ಣಿಮೆ ಆದ ಮೇಲೆ ಚಂದ್ರ ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಹುಟ್ಟುತ್ತಾನೆ. ಕೊಪ್ಪಳದ ಗವಿಮಠದ ತೇರು ಎಳೆಯುವುದು ಬನದ ಹುಣ್ಣಿಮೆ ಕಳೆದ ಬಿದಿಗೆಗೆ. ತೇರಿಗೆ ಹೋಗುವ ಮಕ್ಕಳಿಗೆ ಒಂದು ಕೆಲಸ ಹೇಳಿ ಕಳಿಸಿ: ತೇರು ಎಳೆದಾದ ಮೇಲೆ ಮೂಡಣಕ್ಕೆ ನೋಡಿ, ಚಂದ್ರ ಎಷ್ಟು ಹೊತ್ತಿಗೆ ಕಂಡ? ಸೂರ್ಯ ಮುಳುಗಿ ಸುಮಾರು ಒಂದೂವರೆ ಗಂಟೆ ಆದ ಮೇಲೆ. ಅದನ್ನು ಅವರು ಮೊದಲೇ ಲೆಕ್ಕ ಹಾಕಿ, ಜಾತ್ರೆಯಲ್ಲಿ ನಿಂತು ಸರಿನೋಡಲಿ.

ಈಗ ನಿಂಬೆಹಣ್ಣಿನ ವಿಷಯ. ಚಂದ್ರನ ಕಲೆಗಳನ್ನು, ಅಂದರೆ ದಿನದಿನಕ್ಕೆ ಬದಲಾಗುವ ಆಕಾರಗಳನ್ನು, ಹೇಳಿಕೊಡಲು ಕತ್ತಲೆ ಕೋಣೆ, ಬಲ್ಬು, ಚೆಂಡು ಎಲ್ಲರೂ ಬಳಸುತ್ತಾರೆ. ಅದು ಒಳ್ಳೆಯದೇ. ಆದರೆ ಅದಕ್ಕಿಂತ ಒಳ್ಳೆಯದು ಬಯಲಿನಲ್ಲಿದೆ. ಶುಕ್ಲ ಪಕ್ಷದ ಅಷ್ಟಮಿ ದಿನ ಸಂಜೆ ನಾಲ್ಕೂವರೆಗೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ಆಗ ಪಡುವಣದಲ್ಲಿ ಸೂರ್ಯ, ಈ ಕಡೆ ಎತ್ತರದಲ್ಲಿ ಬಿಳಿಚಿಕೊಂಡ ಅರ್ಧ ಚಂದ್ರ, ಎರಡೂ ಇರುತ್ತವೆ. ಒಬ್ಬೊಬ್ಬರ ಕೈಯಲ್ಲೂ ಪೆನ್ಸಿಲ್‌ಗೆ ಚುಚ್ಚಿದ ಒಂದು ನಿಂಬೆಹಣ್ಣು. ತೋಳು ಚಾಚಿ, ಚಂದ್ರ ಇರುವ ದಿಕ್ಕಿಗೇ ಹಣ್ಣನ್ನು ಹಿಡಿಯಬೇಕು. ಹಣ್ಣಿನ ಮೇಲೆ ಬಿಸಿಲು ಬಿದ್ದಿರಬೇಕು.

ನಮ್ಮಲ್ಲಿ ಮೊದಲ ಸಲ ಮಾಡಿದಾಗ ಹಿಂದಿನ ಸಾಲಿನ ಹುಡುಗನೊಬ್ಬ ಬಹಳ ಹೊತ್ತು ಸುಮ್ನೆ ನಿಂತಿದ್ದ. ಹಣ್ಣನ್ನು ಚಂದ್ರನ ಪಕ್ಕ ತಂದ. ಮತ್ತೆ ದೂರ ಒಯ್ದ. ಮತ್ತೆ ಪಕ್ಕ ತಂದ. ಆಮೇಲೆ ಮೆಲ್ಲಗೆ ಹೇಳಿದ: "ಸರ್, ಎರಡೂ ಒಂದ ತೆರನ ಅದಾವ್ರಿ." ಹೌದು. ನಿಂಬೆಹಣ್ಣಿನ ಅರ್ಧ ಬೆಳಗಿತ್ತು, ಅರ್ಧ ನೆರಳಿನಲ್ಲಿತ್ತು. ಬೆಳಕು-ನೆರಳಿನ ಗೆರೆ ಚಂದ್ರನಲ್ಲಿ ಹೇಗೆ ವಾಲಿತ್ತೋ ಹಣ್ಣಿನಲ್ಲೂ ಹಾಗೇ ವಾಲಿತ್ತು. ಎರಡಕ್ಕೂ ಬಿಸಿಲು ಒಂದೇ ಸೂರ್ಯನದು, ನೋಡುವ ದಿಕ್ಕೂ ಒಂದೇ. ಕಲೆಗಳಿಗೆ ಕಾರಣ ಭೂಮಿಯ ನೆರಳು ಅನ್ನುವ ತಪ್ಪು ತಿಳಿವಳಿಕೆ ಅಲ್ಲೇ ಬಿದ್ದುಹೋಯಿತು. ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಚಂದ್ರಗ್ರಹಣದ ದಿನ ಮಾತ್ರ.

ಸೂರ್ಯನನ್ನು ಗೋಡೆಗೆ ಇಳಿಸುವುದು

ಮೊದಲ ಮಾತು: ಬರಿಗಣ್ಣಿನಿಂದ, ಬೈನಾಕ್ಯುಲರ್‌ನಿಂದ, ಎಕ್ಸ್‌ರೇ ಹಾಳೆಯಿಂದ, ಕಪ್ಪು ಕನ್ನಡಕದಿಂದ ಸೂರ್ಯನನ್ನು ನೋಡಬಾರದು. ಕಣ್ಣು ಸುಡುವಾಗ ನೋವು ಕೂಡ ಗೊತ್ತಾಗುವುದಿಲ್ಲ. ಇದನ್ನು ವರ್ಷದಲ್ಲಿ ಹತ್ತು ಸಲ ಹೇಳಿದರೂ ಜಾಸ್ತಿ ಅಲ್ಲ.

ಸಣ್ಣ ಕನ್ನಡಿಯ ಮೇಲೆ ದಪ್ಪ ಕಾಗದ ಅಂಟಿಸಿ, ನಡುವೆ 1 ಸೆಂಟಿಮೀಟರ್‌ನಷ್ಟು ತೂತು ಬಿಡಿ. ಅಂಗಳದಲ್ಲಿ ಇಟ್ಟಿಗೆಗೆ ಒರಗಿಸಿ, ಬಿಸಿಲನ್ನು 20 ಮೀಟರ್ ಆಚೆಯ ಕತ್ತಲೆ ಕೋಣೆಯ ಗೋಡೆಗೆ ತಿರುಗಿಸಿ. ಕನ್ನಡಿಯ ಬೆಳಕು ಯಾರ ಕಣ್ಣಿಗೂ ಹೊಡೆಯದ ಹಾಗೆ ನೋಡಿಕೊಳ್ಳಿ. ಗೋಡೆ ಮೇಲೆ 18-19 ಸೆಂಟಿಮೀಟರ್ ಅಗಲದ ದುಂಡು ಬೆಳಕು ಬೀಳುತ್ತದೆ. ತೂತನ್ನು ಮೂರು ಮೂಲೆಯಾಗಿ ಕತ್ತರಿಸಿ ನೋಡಿ. ಆಗಲೂ ದುಂಡಗೇ ಬೀಳುತ್ತದೆ! ಯಾಕೆಂದರೆ ಅದು ತೂತಿನ ಆಕಾರ ಅಲ್ಲ, ಸೂರ್ಯನ ಬಿಂಬ. ಬಿಂಬದ ಅಗಲವನ್ನು ದೂರದಿಂದ ಭಾಗಿಸಿ, 15 ಕೋಟಿ ಕಿಲೋಮೀಟರ್‌ನಿಂದ ಗುಣಿಸಿ. ಸೂರ್ಯನ ವ್ಯಾಸ ಸಿಗುತ್ತದೆ, ಸುಮಾರು 14 ಲಕ್ಷ ಕಿಲೋಮೀಟರ್.

ಹಂಪಿಗೆ ಪ್ರವಾಸ ಹೋದಾಗ ವಿರೂಪಾಕ್ಷ ಗುಡಿಯೊಳಗೆ ರಾಜಗೋಪುರದ ತಲೆಕೆಳಗಾದ ನೆರಳನ್ನು ಮಕ್ಕಳು ನೋಡಿರುತ್ತಾರೆ. ಅದೂ ಇದೇ. ಸಣ್ಣ ಕಿಂಡಿಯಿಂದ ಬಂದ ಬೆಳಕು ಗೋಡೆ ಮೇಲೆ ಬಿಂಬ ಮೂಡಿಸುತ್ತದೆ. ಹತ್ತನೇ ಕ್ಲಾಸಿನ ಬೆಳಕಿನ ಪಾಠಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಇಲ್ಲೇ ಗ್ರಹಣದ ಮಾತೂ ಬರಲಿ. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕರಾವಳಿಯಿಂದ ಬಂದು ನಮ್ಮ ರಾಯಚೂರು ಸೀಮೆಯ ಮೇಲೆ ಹಾದುಹೋಯಿತು. ಸಿಂಧನೂರು ಹತ್ತಿರದ ಜವಳಗೇರಾದಲ್ಲಿ ವಿಜ್ಞಾನಿಗಳು ಶಿಬಿರ ಹಾಕಿದ್ದರು. ಅರವತ್ತು ದಾಟಿದವರನ್ನು ಆ ದಿನದ ಬಗ್ಗೆ ಕೇಳಿ ಬರಲು ಮಕ್ಕಳಿಗೆ ಹೇಳಿ. ಆ ಕಡೆಯ ಒಬ್ಬ ಅಜ್ಜಿ ನನಗೆ ಹೇಳಿದ್ದು ಹೀಗೆ: "ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ವಿ ತಮ್ಮಾ. ಕೋಳಿ ಎಲ್ಲಾ ಗೂಡು ಸೇರಿದ್ವು." ಜಗತ್ತಿನ ವಿಜ್ಞಾನಿಗಳು ಊರೂರು ಅಲೆದು ಹೋಗಿ ನೋಡುವ ದೃಶ್ಯ ಮನೆ ಮುಂದೆಯೇ ಬಂದಿತ್ತು. ನಮ್ಮ ಮಕ್ಕಳು ಮುಂದಿನ ಗ್ರಹಣವನ್ನು ಬಾಗಿಲು ತೆರೆದು, ಸುರಕ್ಷಿತವಾಗಿ ನೋಡಲಿ ಅನ್ನುವುದು ನನ್ನ ದೊಡ್ಡ ಆಸೆ. 2027ರ ಆಗಸ್ಟ್ 2ರ ಸಂಜೆ ನಮಗೆ ಭಾಗಶಃ ಗ್ರಹಣ ಇದೆ. ಮಳೆಗಾಲ, ಮೋಡ ಬಿಡುವು ಕೊಡಬೇಕು. ಕನ್ನಡಿಯನ್ನು ಮಾತ್ರ ಈಗಲೇ ತಯಾರು ಮಾಡಿಡಿ.

ರಸ್ತೆ ಮೇಲೆ ಸೌರಮಂಡಲ

ಇದು ಒಂದೇ ಪಿರಿಯಡ್ಡಿನ ಕೆಲಸ. ಎಲ್ಲವನ್ನೂ ಸಾವಿರ ಕೋಟಿ ಪಟ್ಟು ಚಿಕ್ಕದು ಮಾಡಿ. ಸೂರ್ಯ 14 ಸೆಂಟಿಮೀಟರ್, ಒಂದು ತಂಬಿಗೆಯಷ್ಟು. ಭೂಮಿ ಒಂದು ಸಣ್ಣ ಸಾಸಿವೆ ಕಾಳು, 15 ಮೀಟರ್ ದೂರದಲ್ಲಿ. ಚಂದ್ರ ಆ ಸಾಸಿವೆಯಿಂದ 4 ಸೆಂಟಿಮೀಟರ್ ಆಚೆ ಒಂದು ರವೆ ಕಣ. ಗುರು ಒಂದು ಗೋಲಿ, 78 ಮೀಟರ್. ಶನಿ ಅದಕ್ಕಿಂತ ಸ್ವಲ್ಪ ಸಣ್ಣ ಗೋಲಿ, 143 ಮೀಟರ್. ನೆಪ್ಚೂನ್‌ಗೆ 450 ಮೀಟರ್ ನಡೆಯಬೇಕು, ನಮ್ಮೂರಲ್ಲಾದರೆ ಬಸ್ ನಿಲ್ದಾಣ ದಾಟಿ. ಅಲ್ಲಿ ನಿಂತು ಕೇಳಿ: ಇನ್ನು ಹತ್ತಿರದ ನಕ್ಷತ್ರ ಎಲ್ಲಿ? 4,000 ಕಿಲೋಮೀಟರ್‌ಗೂ ಆಚೆ. ನೆಟ್ಟಗೆ ಶ್ರೀನಗರಕ್ಕೆ ಹೋಗಿ, ಮುಂದೆ ಮತ್ತೆ ಅಷ್ಟೇ ದೂರ.

ಎಳ್ಳ ಅಮಾವಾಸ್ಯೆಯ ರಾತ್ರಿ

ನಕ್ಷತ್ರ ನೋಡಲು ವರ್ಷಕ್ಕೆ ಒಂದೇ ರಾತ್ರಿ ಸಿಗುವುದಾದರೆ ನಾನು ಇದನ್ನೇ ಆರಿಸುತ್ತೇನೆ. ಚರಗ ಚೆಲ್ಲಲು ಎಲ್ಲರೂ ಹೊಲಕ್ಕೆ ಹೋಗಿರುತ್ತಾರೆ. ಚಂದ್ರ ಇಲ್ಲ, ಮೋಡ ಇಲ್ಲ. ಬಿಳಿಜೋಳದ ಹೊಲದ ನಡುವೆ ಬೀದಿದೀಪವೂ ಇಲ್ಲ. ದೊಡ್ಡವರು ಜೊತೆಗಿರುತ್ತಾರೆ, ಹೆಣ್ಣುಮಕ್ಕಳನ್ನು ರಾತ್ರಿ ಹೊರಗೆ ಕಳಿಸುವ ಚಿಂತೆಯೂ ಇರುವುದಿಲ್ಲ. ಊಟ ಮುಗಿಸಿ ಸ್ವಲ್ಪ ಹೊತ್ತು ಉಳಿಯಿರಿ ಅಂತ ಮನೆಯವರಿಗೆ ಮೊದಲೇ ಹೇಳಿಡಿ.

ಕಣ್ಣು ಕತ್ತಲೆಗೆ ಹೊಂದಲು ಇಪ್ಪತ್ತು-ಮೂವತ್ತು ನಿಮಿಷ ಬೇಕು. ಒಂದು ಸಲ ಮೊಬೈಲ್ ತೆರೆದರೆ ಮತ್ತೆ ಮೊದಲಿನಿಂದ ಕಾಯಬೇಕು. ಟಾರ್ಚ್‌ಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್ ಒಳ್ಳೆಯದು, ಆದರೆ ಅದನ್ನು ಹಗಲು ಶಾಲೆಯಲ್ಲಿ ನೋಡಿ ತಯಾರಾಗಿ. ಹೊಲದಲ್ಲಿ ಬೇಡ.

ರಾತ್ರಿ ಎಂಟಕ್ಕೆ ಮೂಡಣಕ್ಕೆ ಮುಖ ಮಾಡಿ. ಒಂದೇ ಗೆರೆಯಲ್ಲಿ, ಹೆಚ್ಚುಕಡಿಮೆ ನೆಟ್ಟಗೆ ನಿಂತ ಮೂರು ನಕ್ಷತ್ರ ಕಾಣುತ್ತವೆ. ಅದು ಮಹಾವ್ಯಾಧ ಅನ್ನುವ, ಬೇಟೆಗಾರನ ಆಕಾರದ ನಕ್ಷತ್ರಪುಂಜದ ಸೊಂಟಪಟ್ಟಿ. ಅದೇ ಗೆರೆಯನ್ನು ಕೆಳಕ್ಕೆ ಎಳೆದರೆ ಲುಬ್ಧಕ, ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ. ಮೇಲಕ್ಕೆ ಎಳೆದರೆ ರೋಹಿಣಿ. ಜೂನ್‌ನಲ್ಲಿ ಕೇಳಿದ್ದ ಪ್ರಶ್ನೆಗೆ ಇಲ್ಲಿದೆ ಉತ್ತರ! ಇನ್ನೂ ಮೇಲೆ, ನೆತ್ತಿಯ ಹತ್ತಿರ, ಕೃತ್ತಿಕೆಯ ಗೊಂಚಲು. ಎಷ್ಟು ಚಿಕ್ಕಿ ಎಣಿಸಲು ಆಗುತ್ತದೆ ಅಂತ ಒಬ್ಬೊಬ್ಬರನ್ನೂ ಕೇಳಿ. ಆರು ಅಂದರೆ ಕಣ್ಣು ಚೆನ್ನಾಗಿದೆ. ಮೂರು ಅಂದವರನ್ನು ಕಣ್ಣಿನ ಡಾಕ್ಟರ ಹತ್ತಿರ ಕಳಿಸಿ. ನಮ್ಮಲ್ಲಿ ಇಬ್ಬರಿಗೆ ಕನ್ನಡಕ ಬೇಕು ಅಂತ ಗೊತ್ತಾಗಿದ್ದು ಹೀಗೇ.

ಸೊಂಟಪಟ್ಟಿಯ ಎಡಕ್ಕೆ ಕೆಂಪಗೆ ಇರುವುದು ಆರ್ದ್ರಾ, ಬಲಕ್ಕೆ ನೀಲಿ ಬಿಳುಪಿನದು ರೀಗಲ್. ಬಣ್ಣ ಯಾಕೆ ಬೇರೆ? ಕಮ್ಮಾರನ ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪಾಗುತ್ತದೆ, ಕಾವು ಏರಿದಂತೆ ಹಳದಿ, ಆಮೇಲೆ ಬಿಳಿ. ನಕ್ಷತ್ರವೂ ಹಾಗೇ. ಆರ್ದ್ರಾದ ಮೇಲ್ಮೈ ಕಾವು ಸುಮಾರು 3,500 ಕೆಲ್ವಿನ್, ರೀಗಲ್‌ನದು ಸುಮಾರು 12,000. ಈ ಹೋಲಿಕೆ ಹೇಳಿದ ಮೇಲೆ ಮಕ್ಕಳು ಆಕಾಶದಲ್ಲಿ ಬಣ್ಣ ಹುಡುಕಲು ಶುರು ಮಾಡುತ್ತಾರೆ.

ಜ್ಯೋತಿರ್ವರ್ಷವನ್ನು, ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವನ್ನು, ಇಲ್ಲೇ ಕಲಿಸಿ, ಕ್ಲಾಸಿನಲ್ಲಿ ಅಲ್ಲ. ಲುಬ್ಧಕದ ಬೆಳಕು ಹೊರಟು 8.6 ವರ್ಷ ಆಯಿತು. ಹದಿನಾಲ್ಕರ ಹುಡುಗಿಗೆ ಹೇಳಿ: ನೀನು ಇನ್ನೂ ಒಂದನೇ ಕ್ಲಾಸಿಗೆ ಸೇರುವ ಹೊತ್ತಿನಲ್ಲಿ ಹೊರಟ ಬೆಳಕು ಈಗ ನಿನ್ನ ಕಣ್ಣಿಗೆ ಬಿತ್ತು. ರೋಹಿಣಿಯದು ಸುಮಾರು 65 ವರ್ಷ, ಪಕ್ಕದಲ್ಲಿ ಕೂತ ಅಜ್ಜಿಯ ವಯಸ್ಸು.

ಉತ್ತರಕ್ಕೆ ತಿರುಗಿ. ಧ್ರುವ ನಕ್ಷತ್ರ ನೆಲದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿದೆ. 15 ಡಿಗ್ರಿ. ಕೊಪ್ಪಳದ ಅಕ್ಷಾಂಶವೂ ಅಷ್ಟೇ, 15 ಡಿಗ್ರಿ ಮತ್ತು ಸ್ವಲ್ಪ. ಧ್ರುವ ಅಷ್ಟೇನೂ ಪ್ರಕಾಶವಾಗಿಲ್ಲ, ಸಿಗದಿದ್ದರೆ ಬೇಸರ ಬೇಡ. ನಿಮ್ಮ ಕೋಲು ತೋರಿಸಿದ ಉತ್ತರದ ಗೆರೆ ನೆನಪಿಟ್ಟುಕೊಂಡು ಹುಡುಕಿ. ಉತ್ತರದವರಿಗಿಲ್ಲದ ಒಂದು ಭಾಗ್ಯ ನಮಗಿದೆ. ಮೇ ತಿಂಗಳ ನಡುವೆ ರಾತ್ರಿ ಒಂಬತ್ತೂವರೆಗೆ ಮಾಳಿಗೆ ಮೇಲೆ ಮಲಗಿ ದಕ್ಷಿಣಕ್ಕೆ ನೋಡಿದರೆ ತ್ರಿಶಂಕು ನಕ್ಷತ್ರಪುಂಜದ ನಾಲ್ಕು ನಕ್ಷತ್ರ ಕಾಣುತ್ತವೆ. ದೆಹಲಿಯಲ್ಲಿ ಅವು ನೆಲಕ್ಕೆ ತಾಗಿದ ಹಾಗೆ ಇರುತ್ತವೆ. ನಮಗೆ ಒಂದೂವರೆ ಮುಷ್ಟಿ ಮೇಲೆ.

ಗುರುವಿನ ಪಕ್ಕ ನಾಲ್ಕು ಚುಕ್ಕೆ

ಹಣ ಕೂಡಿದರೆ ಮೊದಲು ದೂರದರ್ಶಕ ಕೊಳ್ಳಬೇಡಿ. ಅಗ್ಗದ ದೂರದರ್ಶಕದ ಸ್ಟ್ಯಾಂಡ್ ನಡುಗುತ್ತದೆ, ಮಕ್ಕಳಿಗೆ ಏನೂ ಕಾಣದೆ ಉತ್ಸಾಹ ಇಳಿದುಹೋಗುತ್ತದೆ. ಅದೇ ದುಡ್ಡಿಗೆ ಒಂದು 10x50 ಬೈನಾಕ್ಯುಲರ್ ತನ್ನಿ. ಅದನ್ನು ಗೋಡೆ ಅಥವಾ ಕಂಬಕ್ಕೆ ಒತ್ತಿ ಹಿಡಿದು ಗುರು ಗ್ರಹವನ್ನು ನೋಡಿ. ಗುರುವಿನ ಎರಡೂ ಬದಿಗೆ ಒಂದೇ ಸಾಲಿನಲ್ಲಿ ಸೂಜಿ ಮೊನೆಯಂಥ ಚುಕ್ಕೆಗಳು. 1610ರ ಜನವರಿಯಲ್ಲಿ ಗೆಲಿಲಿಯೊ ಕಂಡದ್ದು ಇವನ್ನೇ. ಎಲ್ಲವೂ ಭೂಮಿಯ ಸುತ್ತಲೇ ತಿರುಗುತ್ತವೆ ಅನ್ನುವ ಹಳೆಯ ನಂಬಿಕೆಗೆ ಆ ನಾಲ್ಕು ಚುಕ್ಕೆ ಪೆಟ್ಟು ಕೊಟ್ಟವು.

ಎರಡು ವಾರ ದಿನಾ ಒಂದು ಸಾಲು ಎಳೆದು, ಚುಕ್ಕೆಗಳು ಎಲ್ಲಿವೆ ಅಂತ ಗುರುತಿಸಿ. ಒಂದು ದಿನ ಮೂರೇ ಕಾಣುತ್ತವೆ, ಇನ್ನೊಂದು ಗುರುವಿನ ಹಿಂದೆಯೋ ಮುಂದೆಯೋ ಇರುತ್ತದೆ. ಐಯೊ 1.77 ದಿನಕ್ಕೆ, ಯೂರೋಪಾ 3.55 ದಿನಕ್ಕೆ, ಗ್ಯಾನಿಮೀಡ್ 7.15 ದಿನಕ್ಕೆ ಒಂದು ಸುತ್ತು. ಒಂದಕ್ಕಿಂತ ಇನ್ನೊಂದು ಹೆಚ್ಚುಕಡಿಮೆ ಇಮ್ಮಡಿ. ದೂರದ್ದು ನಿಧಾನ. ಒಂಬತ್ತನೇ ಕ್ಲಾಸಿನ ಗುರುತ್ವದ ಪಾಠವನ್ನು ಈ ಹಾಳೆ ಮುಂದಿಟ್ಟುಕೊಂಡು ಶುರು ಮಾಡಿ. ದೂರದ ಘನಕ್ಕೂ ಸುತ್ತಿನ ಅವಧಿಯ ವರ್ಗಕ್ಕೂ ನಂಟು ಹೇಳುವ ಕೆಪ್ಲರ್‌ನ ಮೂರನೇ ನಿಯಮಕ್ಕೆ ಗುರು ಗ್ರಹದ್ದೇ ಲೆಕ್ಕ ಹಾಕಿಸಿ: ಸೂರ್ಯನಿಂದ ದೂರ ಭೂಮಿಯ 5.2 ಪಟ್ಟು, ಒಂದು ಸುತ್ತಿಗೆ 11.86 ವರ್ಷ. 5.2ರ ಘನ, 11.86ರ ವರ್ಗ, ಎರಡೂ 140ರ ಆಸುಪಾಸು.

ಮಾರ್ಚ್: ಭೂಮಿಯ ಸುತ್ತಳತೆ

ವರ್ಷದ ಕೊನೆಯ ಕೆಲಸಕ್ಕೆ ಇನ್ನೊಂದು ಶಾಲೆ ಬೇಕು. ಕಲಬುರಗಿಯ ಕಡೆ ಪರಿಚಯದ ಶಿಕ್ಷಕರಿದ್ದರೆ ಫೋನ್ ಮಾಡಿ. ಮಾರ್ಚ್ 20-21ರಂದು ಎರಡೂ ಕಡೆ 1 ಮೀಟರ್ ಕೋಲಿನ ಅತಿ ಗಿಡ್ಡ ನೆರಳನ್ನು ಅಳೆಯಬೇಕು. ಕೊಪ್ಪಳದಲ್ಲಿ ಸುಮಾರು 27.4 ಸೆಂಟಿಮೀಟರ್, ಕಲಬುರಗಿಯಲ್ಲಿ 31.2. ಹತ್ತನೇ ಕ್ಲಾಸಿನವರು ತ್ರಿಕೋನಮಿತಿಯಿಂದ ಕೋನ ತೆಗೆಯಲಿ. ಸಣ್ಣ ಮಕ್ಕಳು ಅಳತೆಗೆ ಚಿತ್ರ ಬಿಡಿಸಿ ಕೋನಮಾಪಕ ಇಡಲಿ. ವ್ಯತ್ಯಾಸ ಸುಮಾರು 2 ಡಿಗ್ರಿ. ನಕ್ಷೆಯಲ್ಲಿ ಉತ್ತರ-ದಕ್ಷಿಣ ದೂರ ಅಳೆಯಿರಿ, ಬಸ್ಸಿನ ದಾರಿಯಲ್ಲ. ಸುಮಾರು 220 ಕಿಲೋಮೀಟರ್. 2 ಡಿಗ್ರಿಗೆ 220 ಆದರೆ 360ಕ್ಕೆ? 39,600. ನಿಜವಾದದ್ದು 40,000. ನೆರಳಿನ ಅಳತೆಯಲ್ಲಿ ಎರಡು ಮಿಲಿಮೀಟರ್ ತಪ್ಪಿದರೂ ಉತ್ತರ ಎರಡು ಸಾವಿರ ಕಿಲೋಮೀಟರ್ ಆಚೀಚೆ ಆಗುತ್ತದೆ, ಅದಕ್ಕೇ ಐದು ಸಲ ಅಳೆದು ಸರಾಸರಿ ತೆಗೆಯಿರಿ. ಎರಡು ಸಾವಿರದ ಇನ್ನೂರು ವರ್ಷದ ಹಿಂದೆ ಎರಾಟೊಸ್ತೆನೀಸ್ ಈಜಿಪ್ಟಿನಲ್ಲಿ ಇದೇ ಉಪಾಯದಿಂದ ಭೂಮಿಯನ್ನು ಅಳೆದಿದ್ದ.

ಆಮೇಲೆ ರಜೆ. ಮೇ 2ರ ಸುಮಾರಿಗೆ ಕೊಪ್ಪಳದಲ್ಲಿ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ಬಳ್ಳಾರಿಗೆ ಅದಕ್ಕಿಂತ ಒಂದು ದಿನ ಮೊದಲು, ರಾಯಚೂರಿಗೆ ಮೇ 5ರ ಹೊತ್ತಿಗೆ. ಶಾಲೆ ನಡೆಯುವಾಗ ಇದೇ ದಿನ ಆಗಸ್ಟ್ 10-11ಕ್ಕೆ ಮತ್ತೆ ಬರುತ್ತದೆ, ಆದರೆ ಮೋಡ ಅಡ್ಡ ಬರುವುದೇ ಹೆಚ್ಚು. ಹಾಗಾಗಿ ಮೇ ತಿಂಗಳನ್ನು ಬಿಡಬೇಡಿ. ಮಧ್ಯಾಹ್ನ 12:22ಕ್ಕೆ ಅಂಗಳದಲ್ಲಿ ನೀರು ತುಂಬಿದ ತಂಬಿಗೆ ಇಟ್ಟು, ಅದರ ನೆರಳು ಹುಡುಕಿ. ಚಪ್ಪಲಿ ಹಾಕಿಕೊಂಡು ಹೋಗಿ, ನೆಲ ಕಾದಿರುತ್ತದೆ. ಅಜ್ಜನನ್ನೂ ಕರೆದು ತೋರಿಸಿ.